ಬರಿಬೆರಳು

ಜನವರಿ 11

ಪುಟ್ಟಿ,

ಕಾಗದ ಶುರು ಮಾಡುವಾಗ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಂತೆ. ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ಫೋನ್ ಮಾಡಿದರೆ ನೀನು "ಡ್ಯೂಟೀಲಿದ್ದೀನಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಆ ಆಮೇಲೆ ಎನ್ನುವುದು ಬರುವುದೇ ಇಲ್ಲ. ಕಾಗದವಾದರೆ ಹೇಳಬೇಕಾದ್ದನ್ನು ಪೂರ್ತಿ ಹೇಳಬಹುದು. ಅಮ್ಮನ ಕಾಗದವನ್ನು ಓದದೆ ಹರಿದುಹಾಕುವಷ್ಟು ಧೈರ್ಯ ನಿನಗಿನ್ನೂ ಬಂದಿಲ್ಲ ಅಂದುಕೊಂಡಿದ್ದೇನೆ.

ನಿನ್ನ ತಮ್ಮ ನಿನ್ನ ಆಸ್ಪತ್ರೆಗೆ ಬಂದು ನಿನ್ನನ್ನು ನೋಡಿಕೊಂಡು ಹೋದನಲ್ಲ. ಮನೆಗೆ ಬಂದವನು ಊಟಕ್ಕೆ ಕೂತ. ಅಕ್ಕ ಹೇಗಿದ್ದಾಳೋ ಎಂದೆ. "ಚೆನ್ನಾಗಿದ್ದಾಳೆ" ಎಂದ. ಕೈ ತಟ್ಟೆಯಲ್ಲಿ, ಕಣ್ಣು ಗೋಡೆಯ ಮೇಲೆ. ಏನನ್ನಾದರೂ ಮುಚ್ಚಿಡುವಾಗ ಅವನು ಗೋಡೆ ನೋಡುತ್ತಾನೆ ಎಂದು ನಿನಗೂ ಗೊತ್ತು. ಅನ್ನದ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡು, ಮೊದಲು ವಿಷಯ ಹೇಳು, ಆಮೇಲೆ ಬಡಿಸುತ್ತೇನೆ ಎಂದೆ. ಹಸಿದಿದ್ದ, ಹೇಳಿಬಿಟ್ಟ. "ಅಕ್ಕನ ಬೆರಳಲ್ಲಿ ಉಂಗುರ ಇರ್ಲಿಲ್ಲಮ್ಮ."

ನನ್ನ ಮೈಯೆಲ್ಲ ಉರಿದುಹೋಯಿತು. ನಿನಗೆ ಹನ್ನೆರಡು ತುಂಬಿದಾಗ ನಿಮ್ಮಪ್ಪ ನಿನ್ನ ಹೆಗಲು ಹಿಡಿದು ಪ್ರಾರ್ಥನಾ ಮನೆಯ ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ, ಸಭೆಯ ಹಿರಿಯರಾದ ನಿಮ್ಮ ದೊಡ್ಡಪ್ಪನ ಕೈಯಿಂದ ಹಾಕಿಸಿದ ಹಿತ್ತಾಳೆ ಉಂಗುರ ಅದು. ಹಾಕಿದ ಮೇಲೆ ತೆಗೆಯುವ ಮಾತಿಲ್ಲ. ನಾನು ಹಿಟ್ಟು ಕಲಸಿದ್ದು, ಬಟ್ಟೆ ಒಗೆದದ್ದು, ಹೊಲಿಗೆ ಮಿಷನ್ನಿನ ಚಕ್ರ ತಿರುಗಿಸಿದ್ದು, ನಿಮ್ಮಿಬ್ಬರನ್ನು ಹೆತ್ತಿದ್ದು ಎಲ್ಲವೂ ಉಂಗುರ ಹಾಕಿಕೊಂಡೇ. ಅದರಡಿ ಬೆರಳಿನ ಸುತ್ತ ಬೀಳುವ ಹಸಿರು ಗೆರೆ ನಮ್ಮವರ ಗುರುತು. ಬಸ್ಸಿನಲ್ಲಿ ಪರಿಚಯವಿಲ್ಲದವಳು ನಿಂತಿದ್ದರೂ ಆ ಬೆರಳು ಕಂಡರೆ ಸರಿದು ಜಾಗ ಕೊಡುತ್ತೇವೆ.

ಪ್ರಾರ್ಥನೆ ಮುಗಿದಾಗ ಬೆಂಚಿನ ಮುಂದಿನ ಕಬ್ಬಿಣದ ಕಂಬಿಗೆ ಎಲ್ಲರೂ ಒಟ್ಟಿಗೆ ಉಂಗುರ ಬಡಿಯುವ ಆ ಸದ್ದು ಕೇಳದಿದ್ದರೆ ನನಗೆ ವಾರ ಮುಗಿದಂತೆಯೇ ಅಲ್ಲ. ನಿಮ್ಮ ದೊಡ್ಡಮ್ಮನಿಗೆ ಈಗ ಕಿವಿ ಪೂರ್ತಿ ಹೋಗಿದೆ. ಆದರೂ ತಪ್ಪಿಸುವುದಿಲ್ಲ. ಮುಂದಿನ ಸಾಲಿನ ಕೊನೆಯಲ್ಲಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಕಣ್ಣು ಮುಚ್ಚಿ ಕೂತಿರುತ್ತಾಳೆ. ಪ್ರಾರ್ಥನೆ ಮುಗಿಯಿತೆಂದು ಅವಳಿಗೆ ಗೊತ್ತಾಗುವುದು ಅಂಗೈಯಿಂದ. ಕಿವಿ ಇಲ್ಲದವಳೂ ಬಿಟ್ಟಿಲ್ಲ, ಎಲ್ಲ ಇರುವ ನೀನು ಬಿಟ್ಟೆ.

ಏಪ್ರಿಲಿನಲ್ಲಿ ನಿಮ್ಮಪ್ಪನ ವರ್ಷದ ಪ್ರಾರ್ಥನೆ. ಅವತ್ತು ದೊಡ್ಡಪ್ಪ ಮುಂದೆ ನಿಂತು ಕರೆಯುತ್ತಾರೆ. ಹೆಂಡತಿ? ಮಗಳು? ಮಗ? ಕರೆಸಿಕೊಂಡವರು ಎದ್ದು "ಇದ್ದೇನೆ" ಎಂದು ಕಂಬಿಗೆ ಒಂದು ಸಲ ಬಡಿಯಬೇಕು, ಸಭೆ ತಿರುಗಿ ಬಡಿದು ಒಪ್ಪಬೇಕು. ಹೋದವರಿಗೆ, ನಿಮ್ಮ ಹಿಂದೆ ನಾವಿದ್ದೇವೆ ಎಂದು ಕೇಳಿಸುವುದು ಅದೊಂದೇ ಸಲ. ನಿನ್ನ ಸರದಿ ಬಂದಾಗ ಏನನ್ನು ಬಡಿಯುತ್ತೀ, ತಲೆಯನ್ನಾ?

ಉತ್ತರ ಬರಲಿ.

ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕೂತಿರುವ
ಅಮ್ಮ

ಜನವರಿ 24

ಅಮ್ಮ,

ಹರಿದುಹಾಕಲಿಲ್ಲ. ಊಟದ ಬಿಡುವಿನಲ್ಲಿ ಒಮ್ಮೆ, ರೂಮಿಗೆ ಬಂದು ಒಮ್ಮೆ ಓದಿದೆ. ಎರಡು ಸಲವೂ ನನಗೂ ಸಿಟ್ಟು ಬಂತು. ತೆಗೆದೆ, ಬಿಟ್ಟೆ ಎಂದು ಬರೆದಿದ್ದೀಯಲ್ಲ, ಯಾಕೆ ತೆಗೆದೆ ಎಂದು ಒಂದು ಮಾತು ಕೇಳಿದೆಯಾ?

ನನ್ನನ್ನು ನವಜಾತ ಶಿಶುಗಳ ವಾರ್ಡಿಗೆ ಹಾಕಿದ್ದಾರೆ ಎಂದು ಹೇಳಿದ್ದೆ. ದಿನ ತುಂಬದೆ ಹುಟ್ಟಿದ ಕೂಸುಗಳು. ಕೆಲವನ್ನು ನಿನ್ನ ಒಂದು ಅಂಗೈಯ ಮೇಲೆ ಮಲಗಿಸಬಹುದು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನರ ಕಾಣುತ್ತದೆ. ಬಾಗಿಲ ಹತ್ತಿರ ಉದ್ದನೆಯ ತೊಟ್ಟಿ ಇದೆ, ನಲ್ಲಿಯನ್ನು ಮೊಣಕೈಯಿಂದ ತಿರುಗಿಸಬೇಕು. ಬೆರಳ ತುದಿಯಿಂದ ಮೊಣಕೈವರೆಗೆ ತೊಳೆಯದೆ ಒಳಗೆ ಕಾಲಿಡುವ ಹಾಗಿಲ್ಲ. ಮೊಣಕೈಯಿಂದ ಕೆಳಗೆ ಗಡಿಯಾರ, ಬಳೆ, ದಾರ, ಉಂಗುರ ಏನೂ ಇರಬಾರದು, ಯಾರದ್ದೇ ಆಗಲಿ. ದೊಡ್ಡ ಡಾಕ್ಟರಮ್ಮನ ಮದುವೆ ಉಂಗುರವೂ ಅವರ ಪರ್ಸಿನಲ್ಲೇ ಇರುತ್ತದೆ. ಉಂಗುರದ ಅಡಿಯಲ್ಲಿ ಉಳಿಯುವ ಕೊಳೆ ಸಾಕಮ್ಮ, ಆ ಕೂಸುಗಳನ್ನು ಕೊಲ್ಲುವುದಕ್ಕೆ.

ಅದೇನು ಸುಲಭವಾಗಿ ಬಂತು ಅಂದುಕೊಂಡೆಯಾ? ಸೋಪು ಹಚ್ಚಿ ಎಳೆದರೂ ಗಿಣ್ಣು ದಾಟಲಿಲ್ಲ. ಕೊನೆಗೆ ಹಿರಿಯ ನರ್ಸ್ ಒಬ್ಬರು ಬೆರಳಿಗೆ ದಾರ ಬಿಗಿಯಾಗಿ ಸುತ್ತಿ, ಆ ದಾರ ಬಿಚ್ಚುತ್ತಾ ಬಿಚ್ಚುತ್ತಾ ಉಂಗುರವನ್ನು ಹೊರಗೆ ತಂದರು. ಚರ್ಮ ಕಿತ್ತು ಬಂತು. ನಾನು ಅತ್ತದ್ದು ಅದಕ್ಕಲ್ಲ. ಅಡಿಯಲ್ಲಿದ್ದ ಹಸಿರು ಗೆರೆ ನೋಡಿ ಅತ್ತೆ. ತೊಳೆದು ತೊಳೆದು ಈಗ ಅದೂ ಹೋಗಿದೆ. ಗಾಬರಿಯಾದಾಗ ಹೆಬ್ಬೆರಳು ತಾನಾಗಿಯೇ ಉಂಗುರ ತಿರುಗಿಸಲು ಹೋಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ.

ಬಸ್ಸಿನ ಮಾತು ಎತ್ತಿದ್ದೀಯ. ಕಳೆದ ವಾರ ನಮ್ಮವರೇ ಒಬ್ಬರು ಕೂತಿದ್ದರು. ಉಂಗುರ ನೋಡಿ ನನಗೆ ಖುಷಿಯಾಗಿ ನಕ್ಕೆ. ಅವರು ನನ್ನ ಬೆರಳು ನೋಡಿದರು, ಆಮೇಲೆ ಕಿಟಕಿ ಕಡೆ ತಿರುಗಿದರು. ನನಗೆ ಆದದ್ದು ನಿನಗೆ ಹೇಳಿದರೆ ಅರ್ಥವಾಗುತ್ತದೆ ಅಂದುಕೊಂಡಿದ್ದೆ.

ಉಂಗುರ ನನ್ನ ಬೀಗದ ಪೆಟ್ಟಿಗೆಯಲ್ಲಿದೆ. ಏಪ್ರಿಲಿಗೆ ಅದನ್ನು ಹಾಕಿಕೊಂಡು ಬರುತ್ತೇನೆ, ಅಪ್ಪನಿಗಾಗಿ ಬಡಿಯುತ್ತೇನೆ, ಡ್ಯೂಟಿಗೆ ಹೋಗುವಾಗ ತೆಗೆಯುತ್ತೇನೆ. ಇದರಲ್ಲಿ ಯಾರಿಗೆ ಏನು ನಷ್ಟ?

ಇನ್ನೊಂದು ವಿಷಯ. ಅಪ್ಪ ಹೋದಾಗ ನಾನು ಬಂದು ತಲುಪುವಷ್ಟರಲ್ಲಿ ಎಲ್ಲ ಅಣಿ ಮಾಡಿ ಮಲಗಿಸಿದ್ದಿರಿ. ಅವರ ಉಂಗುರ ಕಿರುಬೆರಳಿನಲ್ಲಿತ್ತು. ಯಾವಾಗಲೂ ನಡುವಿನ ಬೆರಳಿನಲ್ಲಿ ಇರುತ್ತಿದ್ದದ್ದು. ಅವತ್ತು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೂ ಕೇಳಲು ಹೋದಾಗಲೆಲ್ಲ ನೀನು ಮಾತು ಬದಲಾಯಿಸುತ್ತೀ.

ಊಟ ಸರಿಯಾಗಿ ಮಾಡು. ತಮ್ಮನಿಗೆ ಬೈಯಬೇಡ, ಅವನಿಗೆ ನಾನೇ ಹೇಳಬೇಡ ಅಂದಿದ್ದೆ.

ನಿನ್ನ
ಪುಟ್ಟಿ

ಫೆಬ್ರವರಿ 6

ಪುಟ್ಟಿ,

ದಾರ ಸುತ್ತಿ ತೆಗೆದರು ಎನ್ನುವುದನ್ನು ಓದಿ ನನ್ನ ಬೆರಳೇ ಉರಿಯಿತು. ಮುಲಾಮು ಹಚ್ಚಿದೆಯಾ? ಹಚ್ಚಿರುವುದಿಲ್ಲ. ಊರಿನವರ ಮಕ್ಕಳಿಗೆಲ್ಲ ಹಚ್ಚುತ್ತೀ, ನಿನಗೆ ಹಚ್ಚಿಕೊಳ್ಳುವುದಿಲ್ಲ.

ನನಗೆ ಅರ್ಥವಾಗಿಲ್ಲ ಅಂದುಕೊಳ್ಳಬೇಡ. ಇಲ್ಲಿ ಪಕ್ಕದ ಮನೆಯವಳಿಗೂ, ನಮ್ಮ ಸಭೆಯವಳೇ, ದಿನ ತುಂಬದೆ ಹೆರಿಗೆಯಾಗಿದೆ. ಮಗುವಿಗೆ ಅಂಗಿ ಹೊಲಿದುಕೊಡಿ ಎಂದು ಬಂದಿದ್ದಳು. ಅಳತೆ ತೆಗೆದುಕೊಳ್ಳಲು ಹೋದರೆ ಎದೆಗೆ ಟೇಪು ಸುತ್ತುವುದಕ್ಕೇ ನನಗೆ ಭಯವಾಯಿತು. ನನ್ನ ಉಂಗುರ ಆ ಕೂಸಿನ ಕೆನ್ನೆಗೆ ತಾಗಿ ಅದು ಬೆಚ್ಚಿಬಿತ್ತು. ಅವತ್ತು ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅರ್ಧ ಇನ್ನೂ ಇದೆ, ಸುಮ್ಮನೆ ಬೀಗಬೇಡ.

ಆದರೆ ನೀನು ಬರೆದಷ್ಟು ಸಲೀಸಾಗಿಲ್ಲ. ದೊಡ್ಡಪ್ಪನ ಹತ್ತಿರ ಹೋಗಿ ಕೇಳಿದೆ. ತನ್ನ ಕೈಯಾರೆ ತೆಗೆದ ಉಂಗುರವನ್ನು ತಾನೇ ಹಾಕಿಕೊಳ್ಳುವ ಹಾಗಿಲ್ಲವಂತೆ. ನೀನು ಸಭೆಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು, ಇನ್ನು ಮುಂದೆ ಉಸಿರಿರುವ ತನಕ ತೆಗೆಯುವುದಿಲ್ಲ ಎಂದು ಮಾತು ಕೊಡಬೇಕು. ಆಗ ಅವರು ತಾವೇ ಹಾಕುತ್ತಾರೆ, ಏಪ್ರಿಲಿನಲ್ಲಿ "ಮಗಳು" ಎಂದು ಕರೆಯುತ್ತಾರೆ. ಇಲ್ಲವಾದರೆ ಕರೆಯುವುದಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿದರು.

ನೀನು ಹೇಳಿಬಿಡು. ಒಂದು ಮಾತು ತಾನೇ, ನಿನ್ನ ಗಂಟೇನು ಹೋಗುತ್ತೆ? ನೀನು ಆಸ್ಪತ್ರೆಯಲ್ಲಿ ತೆಗೆದಿಡುವುದನ್ನು ಅಲ್ಲಿಗೆ ಬಂದು ನೋಡುವವರು ಯಾರು? ಇಲ್ಲವೇ ಬೇರೆ ವಾರ್ಡ್ ಕೇಳಿಕೋ, ಮೂಳೆ ಮುರಿದವರಿಗೆ ನಿನ್ನ ಉಂಗುರದಿಂದ ಏನೂ ಆಗಲಿಕ್ಕಿಲ್ಲ. ಸತ್ತ ಗಂಡನ ಹೆಸರಿನಲ್ಲಿ ಮಗಳ ಸದ್ದೊಂದು ಕಡಿಮೆಯಾದರೆ ನಾನು ತಡೆದುಕೊಳ್ಳಲಾರೆ. ನನಗೋಸ್ಕರ ಹೇಳು.

ಕಿರುಬೆರಳಿನ ವಿಷಯ ಈಗ ಬೇಡ.

ಅಮ್ಮ

ಫೆಬ್ರವರಿ 15

ಅಮ್ಮ,

ಅಲ್ಲಿ ಬಡಿದರೆ ಅಪ್ಪನಿಗೆ ಕೇಳಿಸುತ್ತದೆ ಎಂದು ನನಗೆ ಹೇಳಿಕೊಟ್ಟವಳು ನೀನು. ಅಪ್ಪನಿಗೆ ಕೇಳಿಸುವ ಜಾಗದಲ್ಲಿ ನಿಂತು ಸುಳ್ಳು ಹೇಳು ಎನ್ನುವವಳೂ ನೀನೇ.

ಉಂಗುರ ಹಾಕಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ಮತ್ತೆ ತೆಗೆಯುವುದಿಲ್ಲ ಎಂದು ಮಾತು ಕೊಡಲಾರೆ, ಯಾಕೆಂದರೆ ತೆಗೆಯುತ್ತೇನೆ. ತಪ್ಪಾಯಿತು ಎನ್ನಲಾರೆ, ಯಾಕೆಂದರೆ ಆಗಿಲ್ಲ. ಬೇರೆ ವಾರ್ಡನ್ನೂ ಕೇಳುವುದಿಲ್ಲ. ನಾನು ಇಲ್ಲಿ ಬೇಕಾಗಿದ್ದೇನೆ, ಈ ಕೆಲಸ ನನಗೆ ಬರುತ್ತದೆ.

ಇದನ್ನೇ ದೊಡ್ಡಪ್ಪನಿಗೂ ಬರೆದಿದ್ದೇನೆ, ಮರ್ಯಾದೆಯಿಂದಲೇ. ಅಪ್ಪನಿಗಾಗಿ ಒಂದು ಸಲ ಬಡಿಯಲು ಬಿಡಿ ಎಂದು ಕೇಳಿಕೊಂಡಿದ್ದೇನೆ.

ಗಾಯ ವಾಸಿಯಾಗಿದೆ. ಮುಲಾಮು ಹಚ್ಚಿದ್ದೆ.

ಪುಟ್ಟಿ

ಮಾರ್ಚ್ 3

ತಮ್ಮನ ಮಗಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಿನ್ನ ಸೇವೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಮನಸ್ಸಿನಲ್ಲಿ ಭಕ್ತಿ ಇದ್ದರೆ ಸಾಲದೇ ಎಂಬ ನಿನ್ನ ಪ್ರಶ್ನೆಯನ್ನು ಒಪ್ಪಲಾಗದು. ಮನಸ್ಸಿನಲ್ಲಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರ ಕಿವಿಗೂ ಕೇಳುವುದಿಲ್ಲ. ಸಭೆ ಎಂಬುದು ಕಾಣುವುದರಿಂದ ಮತ್ತು ಕೇಳುವುದರಿಂದ ಸಭೆಯಾಗಿದೆ. ನಮ್ಮ ಹಿಂದಿನವರನ್ನು ಉಂಗುರ ತೆಗೆಯದ ಕಾರಣಕ್ಕೆ ಕಾರ್ಖಾನೆಗಳಿಂದ ಹೊರಹಾಕಿದ್ದಾರೆ. ನನ್ನ ತಂದೆ, ಅಂದರೆ ನಿನ್ನ ಅಜ್ಜ, ಅದಕ್ಕಾಗಿ ಹೊಟ್ಟೆಗಿಲ್ಲದೆ ಕಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂದು ನಿನಗೆ ಬಿಟ್ಟರೆ ನಾಳೆ ಗಾರೆಯವನು ಬರುತ್ತಾನೆ, ನಾಡಿದ್ದು ಅಡುಗೆಯವನು ಬರುತ್ತಾನೆ. ಉಂಗುರ ಉಳಿಯುವುದಿಲ್ಲ.

ಆದ್ದರಿಂದ ನಿಯಮದಂತೆ ಮಾತು ಕೊಡದ ಹೊರತು ವರ್ಷದ ಪ್ರಾರ್ಥನೆಯಲ್ಲಿ ನಿನ್ನನ್ನು ಕರೆಯಲಾಗುವುದಿಲ್ಲ. ಬರಲು ಅಡ್ಡಿಯಿಲ್ಲ. ಬಾಗಿಲ ಬಳಿ, ಚಪ್ಪಲಿ ಗೂಡಿನ ಪಕ್ಕದಲ್ಲಿ ಅತಿಥಿಗಳ ಬೆಂಚು ಇದೆ.

ಇತಿ,
ಸಭೆಯ ಹಿರಿಯ
(ದೊಡ್ಡಪ್ಪ)

ಮಾರ್ಚ್ 9

ಅಮ್ಮ,

ದೊಡ್ಡಪ್ಪನ ಕಾಗದ ಇದರ ಜೊತೆಗಿದೆ. ಅಜ್ಜ ಹಸಿದದ್ದನ್ನು ಬರೆದಿದ್ದಾರೆ. ಅದನ್ನು ಓದಿ ಬೇಜಾರಾಯಿತು, ಅದು ನಿಜವೇ. ಆದರೆ ಅಪ್ಪನ ವರ್ಷದ ದಿನ ನಾನು ಅತಿಥಿಯಂತೆ, ಚಪ್ಪಲಿ ಗೂಡಿನ ಪಕ್ಕ.

ಅವತ್ತು ನನಗೆ ರಜೆ ಇತ್ತು. ಬೇರೊಬ್ಬಳ ಡ್ಯೂಟಿಯನ್ನು ನಾನೇ ಕೇಳಿ ಹಾಕಿಸಿಕೊಂಡಿದ್ದೇನೆ. ಬರುವುದಿಲ್ಲ. ನೀನು, ತಮ್ಮ ಚೆನ್ನಾಗಿ ಬಡಿಯಿರಿ.

ಪುಟ್ಟಿ

ಮಾರ್ಚ್ 20

ಪುಟ್ಟಿ,

ಈ ಕಾಗದದಲ್ಲಿ ಅಕ್ಷರ ವಕ್ರವಾಗಿದ್ದರೆ ಸಹಿಸಿಕೋ. ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ಈ ಸಲ ಸಿಟ್ಟು ನಿನ್ನ ಮೇಲಲ್ಲ.

ಚಪ್ಪಲಿ ಗೂಡಿನ ಪಕ್ಕ ಎನ್ನುವುದನ್ನು ಓದಿದ್ದೇ ತಡ, ಯಾರದೋ ರವಿಕೆಯ ತೋಳು ಅರ್ಧ ಹೊಲಿದಿದ್ದೆ, ಹಾಗೇ ಮಿಷನ್ನಿನ ಸೂಜಿಯಡಿ ಬಿಟ್ಟು ದೊಡ್ಡಪ್ಪನ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯ ಸುತ್ತ ಕನ್ನಡಿಗಳು. ಎಲ್ಲಿ ನೋಡಿದರೂ ಕೆಂಡದಂಥ ನನ್ನದೇ ಮುಖ. ಒಬ್ಬ ಮುದುಕಪ್ಪ ಮೂಗಿನ ಮೇಲೆ ಪರೀಕ್ಷೆಯ ಗಾಜು ಹಾಕಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದ. ಅವನು ಹೋಗಲಿ ಎಂದು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ.

"ಭಾವ, ನನ್ನ ಮಗಳು ಅವಳಪ್ಪನ ಮನೆಗೆ ಅತಿಥಿನಾ?" ಎಂದು ಕೇಳಿದೆ.

"ಕೂತ್ಕೊಳ್ಳಮ್ಮ, ನೀರು ಕುಡಿ. ನಿಯಮ ನಾನು ಮಾಡಿದ್ದಲ್ಲ" ಎಂದರು.

"ಹಾಗಾದ್ರೆ ಆಸ್ಪತ್ರೇಲಿ ಮುರಿದಿದ್ದು ಯಾರು?"

ಅವರ ಮುಖ ಸಪ್ಪೆಯಾಯಿತು. ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರ ಇದು. ಕೊನೆಯ ದಿನಗಳಲ್ಲಿ ನಿಮ್ಮಪ್ಪನ ಕೈ ಬಾತುಕೊಂಡು ಉಂಗುರ ಬೆರಳಿನೊಳಗೆ ಹೂತುಹೋಗಿತ್ತು. ಬೆರಳು ನೀಲಿಯಾಗುತ್ತಿತ್ತು. ಕತ್ತರಿಸದಿದ್ದರೆ ಬೆರಳೇ ಹೋಗುತ್ತದೆ ಎಂದರು ಡಾಕ್ಟರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. "ಕತ್ತರಿಸಿ ಡಾಕ್ಟ್ರೇ, ಮೊದಲು ಮನುಷ್ಯ ಉಳೀಲಿ" ಎಂದವರು ನಿಮ್ಮ ದೊಡ್ಡಪ್ಪ. ಮಣಿಕಟ್ಟು ಅಲ್ಲಾಡದಂತೆ ಹಿಡಿದುಕೊಂಡವರೂ ಅವರೇ. ಸಣ್ಣ ಗರಗಸದ ಚಕ್ರ ಕಿರ್ರೆಂದು ಉಂಗುರವನ್ನು ಸೀಳಿತು. ಕೆಳಗೆ ಹಸಿರು ಗೆರೆ ಇತ್ತು, ನಿನ್ನ ಬೆರಳಿನಲ್ಲಿದ್ದ ಹಾಗೆ. ಅದಾದ ಮೇಲೆ ನಿಮ್ಮಪ್ಪ ಹೆಚ್ಚು ದಿನ ಉಳಿಯಲಿಲ್ಲ. ಹೋದಾಗ ಅವರ ಕೈಯಲ್ಲಿ ಉಂಗುರವಿರಲಿಲ್ಲ.

ಮಲಗಿಸಿದ ಮೇಲೆ ದೊಡ್ಡಪ್ಪ ಎಲ್ಲಿಂದಲೋ ಹೊಸ ಉಂಗುರ ತಂದರು. ಬಾತ ಬೆರಳುಗಳಿಗೆ ಅದು ಹೋಗಲೇ ಇಲ್ಲ. ಕಿರುಬೆರಳಿಗೆ ತುರುಕಿದರು. "ಜನ ಬರ್ತಾರೆ, ನೋಡ್ತಾರೆ" ಎಂದರು. ಆ ಹೊತ್ತಿಗೆ ನನಗೆ ಬಾಯಿ ಎಲ್ಲಿತ್ತು?

ಇದನ್ನೆಲ್ಲ ಅವರಿಗೆ ಅಂಗಡಿಯಲ್ಲಿ ನೆನಪಿಸಿದೆ. ಮುದುಕಪ್ಪ ಅಕ್ಷರ ಓದುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೇ ಆ ದಪ್ಪ ಗಾಜಿನಿಂದ ನೋಡುತ್ತಿದ್ದ.

"ಅಲ್ಲಮ್ಮ, ಅದು ಬೇರೆ ಇದು ಬೇರೆ. ಅದು ಅವನ ಜೀವದ ಪ್ರಶ್ನೆ ಆಗಿತ್ತು."

"ಇದೂ ಜೀವದ ಪ್ರಶ್ನೆನೇ ಭಾವ. ಜೀವ ಪರರ ಕೂಸುಗಳದ್ದು, ಅಷ್ಟೇ."

"ಅವನು ತಾನಾಗಿ ತೆಗೀಲಿಲ್ಲ."

"ಹೌದು, ನೀವು ತೆಗೆಸಿದ್ರಿ. ತಪ್ಪಾಯ್ತು ಅಂತ ಸಭೇಲಿ ನಿಂತು ಹೇಳಿದ್ರಾ?"

ದೊಡ್ಡಪ್ಪ ಒಂದು ಕನ್ನಡಕ ತೆಗೆದುಕೊಂಡು ಒರೆಸುತ್ತಾ ನಿಂತರು. ಆಮೇಲೆ ತಲೆಯೆತ್ತದೆ ಹೇಳಿದರು, "ಬರಿಗೈ ಬಡಿದ್ರೆ ಮೇಲಿನವನಿಗೆ ಕೇಳ್ಸಲ್ಲಮ್ಮ."

"ನಿಮ್ಮ ಮೇಲಿನವನಿಗೆ ಕಿವಿ ಅಷ್ಟು ಮಂದನಾ? ನಮ್ಮ ಅಕ್ಕನಿಗಿಂತಲೂ?" ಎಂದೆ. ನಿಮ್ಮ ದೊಡ್ಡಮ್ಮನನ್ನು ಎಳೆದು ಹಾಗೆ ಅನ್ನಬಾರದಿತ್ತು. ಅಂದಾಗಿದೆ.

ನಿಮ್ಮಪ್ಪನ ಸೀಳಿದ ಉಂಗುರ ನನ್ನ ಗುಂಡಿ ಡಬ್ಬಿಯಲ್ಲಿದೆ. ಗುಂಡಿ ಹುಡುಕುವಾಗಲೆಲ್ಲ ಬೆರಳಿಗೆ ತಾಗುತ್ತದೆ, ಹಿತ್ತಾಳೆಯ ವಾಸನೆ ಬೆರಳಿಗೆ ಅಂಟುತ್ತದೆ. ನಿಮ್ಮಪ್ಪ ಬರಿಗೈಯಲ್ಲಿ ಹೋದಾಗಲೂ ನಮ್ಮವರೇ ಎಂದಾದರೆ, ನೀನು ಬರಿಗೈಯಲ್ಲಿ ಬದುಕಿರುವಾಗ ಯಾಕೆ ನಮ್ಮವಳಲ್ಲ? ಸುಳ್ಳು ಹೇಳು ಎಂದು ನಿನಗೆ ಬರೆದದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟು ಬಂದಿದೆ.

ಡ್ಯೂಟಿ ಬದಲಾಯಿಸಿಕೊಂಡು ಬಾ. ನಿನ್ನನ್ನು ಚಪ್ಪಲಿ ಗೂಡಿನ ಪಕ್ಕ ಕೂರಿಸಲು ಯಾರು ಬರುತ್ತಾರೋ ನಾನೂ ನೋಡುತ್ತೇನೆ.

ಅಮ್ಮ

ಏಪ್ರಿಲ್ 19

ಪುಟ್ಟಿ,

ನೀನು ಉತ್ತರವನ್ನೂ ಬರೆಯಲಿಲ್ಲ, ಬರಲೂ ಇಲ್ಲ. ಕೊನೆಯ ಗಳಿಗೆಯವರೆಗೂ ಬಾಗಿಲು ನೋಡುತ್ತಿದ್ದೆ. ಚಪ್ಪಲಿ ಬಿಡುವವರೆಲ್ಲ ನೀನೇ ಅನ್ನಿಸುತ್ತಿತ್ತು. ಇರಲಿ. ನಿನ್ನೆ ನಡೆದದ್ದನ್ನು ನಿನ್ನ ತಮ್ಮ ಫೋನಿನಲ್ಲಿ ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹಾಲ್ ತುಂಬಿತ್ತು. ಹಿತ್ತಾಳೆ ದೀಪಗಳಿಗೆ ಪಾಲಿಶ್ ಹಚ್ಚಿ ಉಜ್ಜಿದ್ದರು, ಅದರ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ನಿನಗೆಂದು ಬಿಟ್ಟ ಜಾಗ, ಆಮೇಲೆ ನಿನ್ನ ತಮ್ಮ. ಆ ಜಾಗದಲ್ಲಿ ಯಾರೋ ಕೂರಲು ಬಂದರು, ಇದು ನನ್ನ ಮಗಳದ್ದು ಎಂದೆ. ಸಾಲಿನ ಆ ಕೊನೆಯಲ್ಲಿ ದೊಡ್ಡಮ್ಮ ಎಂದಿನಂತೆ ಕಂಬಿ ಹಿಡಿದು ಕಣ್ಣು ಮುಚ್ಚಿದ್ದಳು. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಕಂಬಿ, ನಿನಗೆ ಗೊತ್ತಲ್ಲ.

ದೊಡ್ಡಪ್ಪ ಕರೆದರು, "ಹೆಂಡತಿ?"

"ಇದ್ದೇನೆ" ಎಂದು ಎದ್ದು ಬಡಿದೆ. ಸಭೆ ಬಡಿಯಿತು. ಅವರಿಲ್ಲದ ವರ್ಷವೆಲ್ಲ ಆ ಸದ್ದಿನಲ್ಲಿ ಎದೆಗೆ ಬಂದು ಗುದ್ದಿತು. ಅಳು ಬಂತು, ಅತ್ತೆ.

ಆಮೇಲೆ ದೊಡ್ಡಪ್ಪ ಒಂದು ಸಲ ಉಸಿರೆಳೆದು, "ಮಗ?" ಎಂದರು.

ನಿನ್ನ ತಮ್ಮ ಏಳಲಿಲ್ಲ. ಅವರು ಮತ್ತೆ ಕರೆದರು. ಈ ಸಲ ಅವನು ಗೋಡೆ ನೋಡಲಿಲ್ಲ ಪುಟ್ಟಿ, ದೊಡ್ಡಪ್ಪನ ಮುಖವನ್ನೇ ನೋಡಿದ. "ಅಕ್ಕ ನನಗಿಂತ ದೊಡ್ಡವಳು ದೊಡ್ಡಪ್ಪ. ಅವಳಾದ್ಮೇಲೆ ನಾನು" ಎಂದ. ಮನೆಯಲ್ಲಿ ನನಗೆ ಅವನು ಒಂದು ಸುಳಿವೂ ಕೊಟ್ಟಿರಲಿಲ್ಲ. ಅವನ ತಟ್ಟೆಯ ಮುಂದಿನಿಂದ ಅನ್ನದ ಪಾತ್ರೆ ಎಳೆದುಕೊಂಡದ್ದಕ್ಕೆ ಆಗ ನನಗೆ ನಾಚಿಕೆಯಾಯಿತು.

ಹಿಂದಿನ ಸಾಲುಗಳಲ್ಲಿ ಗುಸುಗುಸು ಶುರುವಾಯಿತು. ನಾನು ಕೂತಿದ್ದವಳು ಮತ್ತೆ ಎದ್ದೆ. ಸೀರೆಯ ಗಂಟಿನಿಂದ ಸೀಳಿದ ಉಂಗುರ ತೆಗೆದು ಎತ್ತಿ ಹಿಡಿದೆ.

"ಇದು ನನ್ನ ಗಂಡನದ್ದು. ಆಸ್ಪತ್ರೇಲಿ ಕತ್ತರಿಸಿದ್ರು. ಅವರು ಹೋದಾಗ ಕೈ ಬರಿದಾಗಿತ್ತು. ನೀವೆಲ್ಲ ಕಿರುಬೆರಳಲ್ಲಿ ನೋಡಿದ್ದು ಆಮೇಲೆ ತುರುಕಿದ್ದು. ಬರಿಗೈ ಅಂತ ಇವತ್ತು ಇವರ ಪ್ರಾರ್ಥನೆ ನಿಲ್ಲಿಸಿದ್ದೀರಾ? ಇಲ್ಲ. ಹಾಗಾದ್ರೆ ನನ್ನ ಮಗಳನ್ನ ಕರೀರಿ ಭಾವ."

ದೊಡ್ಡಪ್ಪ ನನ್ನ ಕೈಯಲ್ಲಿದ್ದ ಸೀಳಿದ ಉಂಗುರವನ್ನೇ ನೋಡುತ್ತಾ ನಿಂತರು. ನೋಡಿದರೆ ಒಂದು ಕ್ಷಣ ಪಾಪ ಅನ್ನಿಸಿತು. ಅಂದು ಆಸ್ಪತ್ರೆಯಲ್ಲಿ ಮಣಿಕಟ್ಟು ಹಿಡಿದಾಗ ಅವರ ಕಣ್ಣಲ್ಲೂ ನೀರಿತ್ತು, ಅದನ್ನು ನಾನು ಮರೆತಿಲ್ಲ. ಆದರೂ ಅವರು ನಿನ್ನನ್ನು ಕರೆಯಲಿಲ್ಲ.

ಸರಿ, ನಾನೇ ಕರೆದೆ. "ಮಗಳು?"

ನನ್ನ ಎಡಗೈಯಲ್ಲಿ ಉಂಗುರವಿಲ್ಲವಲ್ಲ. ಆ ಕೈಯನ್ನು ಎತ್ತಿ ಇದ್ದ ಬಲವನ್ನೆಲ್ಲ ಹಾಕಿ ಕಂಬಿಗೆ ಬಡಿದೆ. "ಇದ್ದೇನೆ" ಎನ್ನಲಿಲ್ಲ. ಅದು ನಿನ್ನ ಮಾತು, ನಿನ್ನ ಬದಲು ನಾನು ಹೇಳುವ ಹಾಗಿಲ್ಲ. ಬರಿಯ ಕೈ ಬಡಿದೆ. ನಿಜ ಹೇಳಬೇಕೆಂದರೆ ಏನೂ ಕೇಳಿಸಲಿಲ್ಲ. ಮಾಂಸಕ್ಕೆ ಕಬ್ಬಿಣ ತಾಗಿದ ಸದ್ದು ಎಷ್ಟಿರುತ್ತದೆ? ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಅಂಗೈ ಉರಿಯುತ್ತಿತ್ತು, ಅವಮಾನಕ್ಕೆ ಕಿವಿಯೂ ಉರಿಯುತ್ತಿತ್ತು. ಮುಗಿಯಿತು, ಮಗಳನ್ನು ನಾನೇ ಎಲ್ಲರೆದುರು ನಗೆಪಾಟಲು ಮಾಡಿದೆ ಅಂದುಕೊಂಡೆ.

ಆಗ ಸಾಲಿನ ಆ ಕೊನೆಯಲ್ಲಿ ದೊಡ್ಡಮ್ಮ ಕಣ್ಣು ಬಿಟ್ಟಳು. ಕಿವಿ ಕೇಳದ್ದರಿಂದ ತಾನು ಎಷ್ಟು ಜೋರಾಗಿ ಮಾತಾಡುತ್ತಾಳೆ ಎಂದು ಅವಳಿಗೇ ಗೊತ್ತಾಗುವುದಿಲ್ಲ. ಹಾಲಿನ ಆಚೆ ತುದಿಗೂ ಮುಟ್ಟುವ ಹಾಗೆ ಕೇಳಿದಳು, "ಹುಡುಗಿ ಬಂದ್ಲೇನೇ? ಈಗ ಕಂಬಿಗೆ ತಾಗ್ತಲ್ಲ!"

ಅವಳಿಗೆ ಗುಸುಗುಸು ಕೇಳಿರಲಿಲ್ಲ, ನನ್ನ ಮಾತು ಕೇಳಿರಲಿಲ್ಲ, ಗಂಡನ ನಿಯಮವೂ ಕೇಳಿರಲಿಲ್ಲ. ಹೆಂಡತಿಯಾದ ಮೇಲೆ ಮಗಳು ಬಡಿಯಬೇಕು, ಕಂಬಿ ನಡುಗಿತು, ಹಾಗಾದರೆ ಮಗಳು ಬಡಿದಳು. ಅಷ್ಟೇ ಅವಳ ಲೆಕ್ಕ. ದೊಡ್ಡಪ್ಪ ಅವಳಿಗೆ ಬೇಡ ಬೇಡ ಎಂದು ಕೈಸನ್ನೆ ಮಾಡಿದರು. ಅವಳು ನೋಡುವ ಹೊತ್ತಿಗೆ ಅವಳ ಉಂಗುರ ಕಂಬಿಗೆ ಬಿದ್ದಾಗಿತ್ತು. ಸಭೆಯ ಪರವಾಗಿ ನಿನ್ನನ್ನು ಒಪ್ಪಿದ ಮೊದಲ ಸದ್ದು ಅವಳದು, ಅವರ ಹೆಂಡತಿಯದು.

ಆಮೇಲೆ ನಿನ್ನ ತಮ್ಮ ಬಡಿದ. ಪಕ್ಕದ ಮನೆಯವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಡಿದಳು. ಹಿಂದಿನಿಂದ ಒಂದೊಂದಾಗಿ ಬಂತು, ಯಾವಾಗಲೂ ಬರುವ ಹಾಗೆ ಒಟ್ಟಿಗಲ್ಲ. ಎಲ್ಲರೂ ಬಡಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಅರ್ಧ ಸಭೆ ದೊಡ್ಡಪ್ಪನ ಮುಖ ನೋಡಿಕೊಂಡು ಕೈ ಕಟ್ಟಿ ಕೂತಿತ್ತು. ದೊಡ್ಡಪ್ಪನೂ ಬಡಿಯಲಿಲ್ಲ. ಸದ್ದು ನಿಂತ ಮೇಲೆ ಮೂರನೇ ಸಲ "ಮಗ?" ಎಂದು ಕರೆದರು. ಈಗ ನಿನ್ನ ತಮ್ಮ ಎದ್ದ.

ಹೊರಗೆ ಬಂದಾಗ ದೊಡ್ಡಪ್ಪ, ಬರುವ ತಿಂಗಳು ಹಿರಿಯರ ಸಭೆಗೆ ನಾನು ಬಂದು ಉತ್ತರ ಕೊಡಬೇಕಾಗುತ್ತದೆ ಎಂದರು. ಬರ್ತೀನಿ ಭಾವ, ನೀವೂ ಕಿರುಬೆರಳಿಗೆ ಉತ್ತರ ಸಿದ್ಧ ಮಾಡ್ಕೊಂಡಿರಿ ಎಂದೆ. ದೊಡ್ಡಮ್ಮನಿಗೆ ವಿಷಯವನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದ್ದಾರಂತೆ. ಅವಳು ಓದಿ, "ಇರ್ಬಹುದು, ಆದ್ರೆ ತಾಗಿದ್ದು ತಾಗಿದ್ದೇ" ಎಂದು ಗಂಡನಿಗೆ ಕಾಗದ ವಾಪಸ್ ಕೊಟ್ಟಳಂತೆ. ಇದು ನಿನ್ನ ತಮ್ಮ ತಂದ ಸುದ್ದಿ, ಎಷ್ಟು ನಿಜವೋ ಕಾಣೆ.

ನನ್ನ ಎಡ ಅಂಗೈ ಇನ್ನೂ ಬಾತಿದೆ, ಕತ್ತರಿಸುವಾಗ ಬಟ್ಟೆ ಒತ್ತಿ ಹಿಡಿಯಲು ಆಗುತ್ತಿಲ್ಲ. ಹೊಲಿಗೆಯೆಲ್ಲ ಹಾಗೇ ಬಿದ್ದಿದೆ. ಬಡಿಯುವುದು ಆಯಿತು, ಅರ್ಧ ಸಭೆ ಒಪ್ಪಿದ್ದೂ ಆಯಿತು. ಆದರೆ ನಿನ್ನ ಮಾತು ಬಾಕಿ ಉಳಿದಿದೆ. ಅದನ್ನು ಹೇಳಬೇಕಾದವಳು ನೀನು. ಹೇಳುತ್ತೀಯೋ ಬಿಡುತ್ತೀಯೋ, ಇನ್ನು ನಾನು ಒತ್ತಾಯ ಮಾಡುವುದಿಲ್ಲ.

ಅಮ್ಮ

ಏಪ್ರಿಲ್ 27

ಅಮ್ಮ,

ನಿನ್ನ ಕಾಗದವನ್ನು ತೊಟ್ಟಿಯ ಹತ್ತಿರ ನಿಂತುಕೊಂಡೇ ಓದಿದೆ. ಓದಿ ಮತ್ತೆ ಕೈ ತೊಳೆಯಬೇಕಾಯಿತು, ಮುಖವನ್ನೂ.

ಅಂಗೈಗೆ ಬೆಚ್ಚನೆಯ ನೀರಿನ ಶಾಖ ಕೊಡು. ಕತ್ತರಿ ಈಗಲೇ ಮುಟ್ಟಬೇಡ.

ಬರುವ ವಾರ ರಜೆ ಸಿಕ್ಕಿದೆ. ಉಂಗುರ ಪೆಟ್ಟಿಗೆಯಲ್ಲೇ ಇರಲಿ, ಹೀಗೇ ಬರುತ್ತೇನೆ. ನಿನ್ನ ಪಕ್ಕದ ಜಾಗ ಹಾಗೇ ಇರಲಿ. ದೊಡ್ಡಮ್ಮನಿಗೆ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರಲು ಹೇಳು.

ಇದ್ದೇನೆ.

ಮಗಳು